ಲೆಕ್ಕ ಬರೆದ ಕೈಗೆ ಬೀಗದ ಕೈ ಬಂದಾಗ



ನಿಮ್ಮ ಸಂಘದಲ್ಲಿ ಲೆಕ್ಕ ಬರೆಯುವವರು ಯಾರು ಎಂದು ಕೇಳಿದರೆ ತಡಮಾಡದೆ ಹೆಸರು ಹೇಳುತ್ತೀರಿ. ಜೊತೆಗೆ, "ಆಯಮ್ಮನ ಲೆಕ್ಕ ಒಂದು ಪೈಸೆ ಆಚೀಚೆ ಆಗಲ್ಲ ಬಿಡಿ" ಎಂಬ ಮಾತನ್ನೂ ಸೇರಿಸುತ್ತೀರಿ. ಅದೇ ಹೆಣ್ಣುಮಗಳು ನಾಳೆ ಸಂಘದ ಮುಖ್ಯ ಕಾರ್ಯನಿರ್ವಾಹಕಿಯಾಗಿ ಕೂತರೆ, ಅವಳಿಗೆ ಆ ಕೆಲಸ ಕಲಿಸುವವರು ಯಾರು? ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ. ನನ್ನ ಈ ಬರಹ ಅದರ ಬಗ್ಗೆಯೇ.

ನಾನು ಓಡಾಡಿದ ತಾಲ್ಲೂಕುಗಳ ಮಹಿಳಾ ಸಂಘಗಳಲ್ಲಿ ಈಗ ಒಂದು ತಲೆಮಾರು ಬದಲಾಗುತ್ತಿದೆ. ಸಂಘ ಕಟ್ಟಿದ ದಿನದಿಂದ ಇದ್ದ ಸೆಕ್ರೆಟರಿ ಅಕ್ಕಂದಿರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಬರುತ್ತಿರುವವರು ಹೆಚ್ಚಾಗಿ ಅದೇ ಸಂಘದಲ್ಲಿ ಐದಾರು ವರ್ಷ ಲೆಕ್ಕ ಬರೆದ ಸಹಾಯಕಿಯರು, ಸ್ತ್ರೀಶಕ್ತಿ ಗುಂಪಿನ ಪುಸ್ತಕ ನೋಡಿಕೊಂಡವರು, ಅಪರೂಪಕ್ಕೆ ಬಿ.ಕಾಂ. ಓದಿ ಸೊಸೆಯಾಗಿ ಊರಿಗೆ ಬಂದವರು. ಇದು ಒಳ್ಳೆಯದೇ. ಲೆಕ್ಕ ಬಾರದವರು ಸಂಘ ನಡೆಸಿದರೆ ಏನಾಗುತ್ತದೆ ಎಂದು ನಾವು ಬೇಕಾದಷ್ಟು ಊರುಗಳಲ್ಲಿ ನೋಡಿದ್ದೇವೆ.

ಆದರೆ ಅಧಿಕಾರ ಕೊಡುವ ರೀತಿ ನೋಡಿ. ಸೋಮವಾರ ಆಡಳಿತ ಮಂಡಳಿ ಸಭೆ, ಠರಾವು, ಹಾರ, ಬಾಳೆಹಣ್ಣು, ಫೋಟೊ. ಮಂಗಳವಾರ ಬೆಳಗ್ಗೆ ಐದೂವರೆಗೆ ಬೀಗದ ಕೈ ಅವಳ ಕೈಯಲ್ಲಿ. ಒಂದೆರಡು ತಿಂಗಳು ಕಳೆದ ಮೇಲೆ ತರಬೇತಿ ಕೇಂದ್ರದಿಂದ ಪತ್ರ ಬರುತ್ತದೆ. ಅಲ್ಲಿ ಕೆಲವು ದಿನ ಕೂರಿಸಿ ನಗದು ಪುಸ್ತಕ, ಖಾತೆ ಪುಸ್ತಕ, ಲಾಭ-ನಷ್ಟ, ಆಸ್ತಿ-ಜವಾಬ್ದಾರಿ ಪಟ್ಟಿ, ಕಂಪ್ಯೂಟರ್ ನಮೂದು ಎಲ್ಲ ಹೇಳಿಕೊಡುತ್ತಾರೆ. ಇವು ಅವಳಿಗೆ ಮೊದಲೇ ಬರುವ ಪಾಠಗಳು. ಬಾರದ ಪಾಠಕ್ಕೆ ತರಗತಿಯೇ ಇಲ್ಲ.

ಬಾರದ ಪಾಠ ಯಾವುದು ಎಂದು ಕೇಳುತ್ತೀರಾ? ಬೇಸಿಗೆಯ ಒಂದು ಬೆಳಗ್ಗೆ ಡೇರಿ ಮುಂದಿನ ಸಾಲನ್ನು ನೆನಪಿಸಿಕೊಳ್ಳಿ. ಒಬ್ಬ ಸದಸ್ಯೆಯ ಹಾಲಿನ ಎಸ್‌ಎನ್‌ಎಫ್ 8.5 ಬರಬೇಕಾದ ಕಡೆ 8ರ ಕೆಳಗೆ ಬಂದಿದೆ. ದರ ಕಡಿಮೆಯಾಗುತ್ತದೆ. ಆಕೆ ಕ್ಯಾನನ್ನು ಕೆಳಗಿಟ್ಟು, "ಏನು, ನಾನು ಹಾಲಿಗೆ ನೀರು ಹಾಕ್ತೀನಾ?" ಎಂದು ಹತ್ತು ಜನರ ಮುಂದೆ ಕೂಗುತ್ತಾಳೆ. ಲೆಕ್ಕದವಳಾಗಿದ್ದಾಗ ನಮ್ಮ ಹೊಸ ಮುಖ್ಯಸ್ಥೆ ಇಂಥ ಹೊತ್ತಿನಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದಳು, ಉತ್ತರ ಕೊಡುವ ಕೆಲಸ ಸೆಕ್ರೆಟರಿ ಅಕ್ಕನದು. ಈಗ ಅವಳೇ ಸೆಕ್ರೆಟರಿ. ಅವಳು ಮಾಡುವುದೇನು? ಯಂತ್ರದ ಚೀಟಿ ಎತ್ತಿ ತೋರಿಸುತ್ತಾಳೆ. "ನೋಡಿ, ಇಲ್ಲಿ ಬಂದಿದೆ" ಎನ್ನುತ್ತಾಳೆ. ಚೀಟಿಯಲ್ಲಿ ಇರುವುದು ಸತ್ಯ. ಆದರೂ ಆ ಸದಸ್ಯೆ ಮರುದಿನದಿಂದ ಖಾಸಗಿಯವನ ಗಾಡಿಗೆ ಹಾಲು ಹಾಕುತ್ತಾಳೆ, ಅವಳ ವಾರಗಿತ್ತಿಯೂ ಅವಳ ಹಿಂದೆಯೇ ಹೋಗುತ್ತಾಳೆ.

ಹಳೆಯ ಸೆಕ್ರೆಟರಿ ಅಕ್ಕ ಇದ್ದಿದ್ದರೆ ಮೊದಲು ಎಲ್ಲರ ಎದುರಿಗೇ ಇನ್ನೊಂದು ಸಲ ಮಾದರಿ ತೆಗೆದು ಪರೀಕ್ಷೆ ಮಾಡಿಸುತ್ತಿದ್ದಳು. ಆಮೇಲೆ ದನಿ ತಗ್ಗಿಸಿ ಕೇಳುತ್ತಿದ್ದಳು, "ಮೇವು ಏನು ಹಾಕ್ತಿದ್ದೀಯ? ಹಸಿರು ಸಿಗ್ತಿದೆಯಾ? ಹಿಂಡಿ ಎಷ್ಟು? ಕೆಚ್ಚಲು ಒಂದು ಕಡೆ ಗಟ್ಟಿ ಅನ್ನಿಸ್ತಿದೆಯಾ?" ಎಸ್‌ಎನ್‌ಎಫ್ ಇಳಿದ ಮಾತ್ರಕ್ಕೆ ನೀರು ಬೆರೆಸಿದ್ದಾರೆ ಎಂದಲ್ಲ. ಬರೀ ಒಣಹುಲ್ಲು ತಿಂದರೂ, ಪಶು ಆಹಾರ ಸಾಲದಿದ್ದರೂ, ಬಿಸಿಲಿನ ತಾಪಕ್ಕೂ, ಹೊರಗೆ ಕಾಣದ ಹಾಗೆ ಕೆಚ್ಚಲು ಬಾವು ಶುರುವಾಗಿದ್ದರೂ ಎಸ್‌ಎನ್‌ಎಫ್ ಇಳಿಯುತ್ತದೆ. ದರ ಅಕ್ಕನೂ ಕೊಡುತ್ತಿರಲಿಲ್ಲ, ನಿಯಮ ನಿಯಮವೇ. ಆದರೆ ಆ ಹೆಂಗಸು ಸಂಘ ಬಿಟ್ಟು ಹೋಗುತ್ತಿರಲಿಲ್ಲ, ಪಶುವೈದ್ಯರ ಫೋನ್ ನಂಬರ್ ಬರೆದುಕೊಂಡು ಮನೆಗೆ ಹೋಗುತ್ತಿದ್ದಳು. ಒಂದೇ ಅಂಕಿ, ಎರಡು ನಡವಳಿಕೆ. ಈ ಎರಡನೆಯದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಜೊತೆಯಲ್ಲಿ ಕೂತು ನೋಡಿದವರು ಕಲಿಸಬೇಕು.

ಪಟ್ಟಣದಲ್ಲಿ ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಬ್ಯಾಂಕುಗಳಲ್ಲಿ, ದೊಡ್ಡ ಕಂಪನಿಗಳಲ್ಲಿ ಲೆಕ್ಕಪತ್ರ ವಿಭಾಗದವರು ಬಡ್ತಿ ಪಡೆದು ಮ್ಯಾನೇಜರ್ ಆದಾಗ ಅವರಿಗೊಬ್ಬ ಮಾರ್ಗದರ್ಶಕರನ್ನು ಜೊತೆ ಮಾಡುತ್ತಾರೆ. 'ಲೀಡರ್‌ಶಿಪ್ ಕೋಚಿಂಗ್' ಎಂದು ಅದರ ಹೆಸರು. (ನಮ್ಮ ಕಡೆ ಕೋಚಿಂಗ್ ಅಂದರೆ ಎಸ್‌ಎಸ್‌ಎಲ್‌ಸಿ ಮಕ್ಕಳ ಟ್ಯೂಷನ್. ಅದಲ್ಲ ಇದು.) ಅನುಭವಸ್ಥರೊಬ್ಬರು ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಬಂದು ಎದುರು ಕೂರುತ್ತಾರೆ. ಭಾಷಣ ಮಾಡುವುದಿಲ್ಲ, ಕೇಳುತ್ತಾರೆ. ಈ ವಾರ ಯಾವ ಮಾತು ಕಷ್ಟವಾಯಿತು? ಯಾರಿಗೆ ಇಲ್ಲ ಎನ್ನಲಾಗಲಿಲ್ಲ? ನಿಮ್ಮ ಕೆಲಸವಲ್ಲದ್ದನ್ನು ಯಾಕೆ ಮಾಡುತ್ತಿದ್ದೀರಿ? ಹೀಗೆ ಕೇಳಿ ಕೇಳಿ ಆ ವ್ಯಕ್ತಿಯಿಂದಲೇ ದಾರಿ ಹೊರಡಿಸುತ್ತಾರೆ. ಅಂಥವರಿಗೆ ಬೇಕಾದ ಆಸರೆ ದಿನಕ್ಕೆ ನಾನೂರು ಲೀಟರ್ ಹಾಲು ಬರುವ ಸಂಘ ನಡೆಸುವವಳಿಗೆ ಬೇಡವೇ?

ನಿಮಗೆ ಹಾಲು ಕರೆಯುವುದನ್ನು ಕಲಿಸಿದವರು ಯಾರು? ಅಜ್ಜಿಯೋ ಅತ್ತೆಯೋ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಹಾಗಲ್ಲ ಕಣೆ, ಮೊದಲು ಮೈ ಸವರು" ಎಂದು ಹೇಳಿದ್ದರಿಂದ ತಾನೆ ನಿಮ್ಮ ಕೈ ಪಳಗಿದ್ದು? ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದರೆ ಹಸು ಒದ್ದೇ ಒದೆಯುತ್ತಿತ್ತು. ತರಬೇತಿಗೂ ಮಾರ್ಗದರ್ಶನಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಲೆಕ್ಕದಿಂದ ಮೇಲೆ ಬಂದವರಿಗೆ ಬರುವ ತೊಂದರೆಗಳು ಬೇರೆಯವರಿಗೆ ಬರುವಂಥವಲ್ಲ. ಅವುಗಳಲ್ಲಿ ದೊಡ್ಡದು ಪೆನ್ನು ಬಿಡಲಾಗದಿರುವುದು. ನಾನು ನೋಡಿದ ಒಂದು ಸಂಘದಲ್ಲಿ ಹೊಸ ಮುಖ್ಯಸ್ಥೆ ಬೆಳಗ್ಗೆ ಹಾಲು ಅಳೆಯುವಾಗಲೂ ಇರುತ್ತಾಳೆ, ಸಂಜೆ ಹಾಲಿಗೂ ಇರುತ್ತಾಳೆ, ರಾತ್ರಿ ಒಂಬತ್ತಕ್ಕೆ ದೀಪ ಹಾಕಿಕೊಂಡು ಪುಸ್ತಕವನ್ನೂ ಅವಳೇ ಬರೆಯುತ್ತಾಳೆ. ಹೊಸದಾಗಿ ಸೇರಿದ ಸಹಾಯಕಿ ಹುಡುಗಿ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ. ಕೇಳಿದರೆ, "ಅವಳು ಬರೆದರೆ ನನಗೆ ಸಮಾಧಾನ ಇಲ್ಲ ಸರ್" ಎನ್ನುತ್ತಾಳೆ. ಇದನ್ನು ಊರಿನವರು ಹೊಗಳುತ್ತಾರೆ, ಎಷ್ಟು ಕಷ್ಟಪಡ್ತಾಳೆ ನೋಡಿ ಅಂತ. ನಾನು ಹೊಗಳುವುದಿಲ್ಲ. ಹಣ ಮುಟ್ಟುವ ಕೈ, ಪುಸ್ತಕ ಬರೆಯುವ ಕೈ, ಅದನ್ನು ತಾಳೆ ನೋಡುವ ಕೈ ಮೂರೂ ಒಂದೇ ಆಗಬಾರದು. ಇದು ಲೆಕ್ಕಪತ್ರದ ಮೊದಲ ಪಾಠ. ಪ್ರಾಮಾಣಿಕಳಾದವಳಿಗೂ ಇದು ಬೇಕು, ಅವಳಿಗೇ ಹೆಚ್ಚು ಬೇಕು. ನಾಳೆ ಯಾರಾದರೂ ಬೆರಳು ತೋರಿಸಿದರೆ "ನಾನು ಬರೆದದ್ದನ್ನು ಇನ್ನೊಬ್ಬರು ನೋಡಿದ್ದಾರೆ" ಎನ್ನುವ ರಕ್ಷಣೆ ಅವಳಿಗೆ ಇರುವುದಿಲ್ಲ.

ತಾಳೆ ನೋಡುವುದು ಎಂದರೇನು ಎಂದು ನೀವೂ ತಿಳಿದಿರಬೇಕು, ಏಕೆಂದರೆ ಸಂಘ ನಿಮ್ಮದು. ಬೆಳಗ್ಗೆ ಸಂಜೆ ಸದಸ್ಯೆಯರಿಂದ ಬಂದ ಒಟ್ಟು ಹಾಲು ಒಂದು ಕಡೆ. ಊರಲ್ಲೇ ಮಾರಿದ್ದು, ಪರೀಕ್ಷೆಗೆ ತೆಗೆದದ್ದು, ಒಕ್ಕೂಟಕ್ಕೆ ಕಳಿಸಿದ್ದು ಇನ್ನೊಂದು ಕಡೆ. ಎರಡೂ ಸರಿಹೊಂದಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಒಂದು ಲೀಟರ್ ಹಾಲು ಒಂದು ಕೆ.ಜಿ. ತೂಗುವುದಿಲ್ಲ, ಸುಮಾರು ಒಂದು ಕೆ.ಜಿ. ಮೂವತ್ತು ಗ್ರಾಂ ತೂಗುತ್ತದೆ. ಸಂಘದಲ್ಲಿ ಲೀಟರಿನಲ್ಲಿ ಅಳೆದು ಅಲ್ಲಿ ಕೆ.ಜಿ.ಯಲ್ಲಿ ತೂಗಿದರೆ, 400 ಲೀಟರ್ ಕಳಿಸಿದ ದಿನ 412 ಎಂದು ಕಾಣುತ್ತದೆ. ಆ ಹನ್ನೆರಡು ಹೆಚ್ಚುವರಿ ಹಾಲಲ್ಲ, ಅಳತೆಯ ವ್ಯತ್ಯಾಸ. ಲೆಕ್ಕ ಬಲ್ಲ ಮುಖ್ಯಸ್ಥೆಗೆ ಇದು ನೀರು ಕುಡಿದಷ್ಟು ಸುಲಭ. ಅವಳು ಈಗ ಮಾಡಬೇಕಾದ ಕೆಲಸ ಅದನ್ನು ತಾನೇ ದಿನಾ ಕೂಡುವುದಲ್ಲ. ಸಹಾಯಕಿಗೆ ಕಲಿಸಿ, ವಾರಕ್ಕೊಮ್ಮೆ ಹೇಳದೆ ಕೇಳದೆ ಪುಸ್ತಕ ತೆಗೆದು ನೋಡಿ, ತಪ್ಪಿದ್ದರೆ ಹುಡುಗಿಯನ್ನು ಒಳಗೆ ಕರೆದು ತಿದ್ದಿ, ಎಲ್ಲರೆದುರು ಬೈಯದೆ ಇರುವುದು. ಉಳಿದ ಹೊತ್ತಿನಲ್ಲಿ ಹಾಲು ಕಡಿಮೆಯಾದ ಮನೆಗಳಿಗೆ ಹೋಗಿಬರುವುದು.

ಹಾಲು ಯಾರ ಮನೆಯದು ಕಡಿಮೆಯಾಗಿದೆ ಎಂದು ಅವಳಿಗೆ ಗೊತ್ತೇ ಇರುತ್ತದೆ, ಅದೇ ಅವಳ ಬಲ. ಆರು ವರ್ಷ ಪುಸ್ತಕ ಬರೆದವಳಿಗೆ ಯಾರ ಹಸು ಯಾವ ತಿಂಗಳು ಬತ್ತುತ್ತದೆ, ಯಾರು ಹಿಂಡಿ ಸಾಲ ತೆಗೆದುಕೊಂಡು ಮೌನವಾಗಿದ್ದಾರೆ, ಯಾವ ಮನೆಯಲ್ಲಿ ಹೊಸ ರಾಸು ಬಂದಿದೆ ಎಲ್ಲ ಅಂಕಿಯಲ್ಲೇ ಕಾಣುತ್ತದೆ. ಹದಿನೆಂಟು ಲೀಟರ್ ಹಾಕುತ್ತಿದ್ದವಳು ಎಂಟಕ್ಕೆ ಇಳಿದರೆ ಆ ಮನೆಯಲ್ಲಿ ಏನೋ ಆಗಿದೆ. ಹಸು ಮಾರಿರಬಹುದು, ಗಂಡ ಆಸ್ಪತ್ರೆಯಲ್ಲಿರಬಹುದು, ಉಳಿದ ಹತ್ತು ಲೀಟರ್ ಬೇರೆ ಗಾಡಿ ಹತ್ತಿರಬಹುದು. ಅಂಕಿಯನ್ನು ನೋಡಿ ಎದ್ದು ಆ ಮನೆಯ ಬಾಗಿಲಿಗೆ ಹೋಗುವುದನ್ನು ಅವಳಿಗೆ ರೂಢಿ ಮಾಡಿಸಬೇಕು. ಮಾರ್ಗದರ್ಶಕಿಯ ಅರ್ಧ ಕೆಲಸ ಇದೇ ಎಂದು ನನ್ನ ಅಭಿಪ್ರಾಯ.

ಇನ್ನು 'ಇಲ್ಲ' ಎನ್ನುವ ವಿಷಯ. ಲೆಕ್ಕದವಳಾಗಿದ್ದಾಗ ಯಾರಾದರೂ ಮುಂಗಡ ಕೇಳಿದರೆ "ಸೆಕ್ರೆಟರಿ ಅಕ್ಕನ್ನ ಕೇಳಿ" ಎಂದು ಜಾರಿಕೊಳ್ಳಬಹುದಿತ್ತು. ಈಗ ಜಾರಲು ಜಾಗ ಇಲ್ಲ. ಕೇಳುವವರೋ ಪರರಲ್ಲ, ಚಿಕ್ಕತ್ತೆ, ನಾದಿನಿ, ಮದುವೆಯಲ್ಲಿ ಆರತಿ ಎತ್ತಿದವರು. "ಬಟವಾಡೆಗೆ ಇನ್ನೂ ನಾಲ್ಕು ದಿನ ಇದೆ, ಈಗಲೇ ಎರಡು ಸಾವಿರ ಕೊಟ್ಟಿರೆ" ಎಂದು ಅಂಗಳಕ್ಕೇ ಬರುತ್ತಾರೆ. ಕೊಟ್ಟರೆ ನಗದು ಪುಸ್ತಕ ಸುಳ್ಳಾಗುತ್ತದೆ. ಕೊಡದಿದ್ದರೆ, "ಕುರ್ಚಿ ಸಿಕ್ಕಿದ್ದೇ ಬದಲಾಗಿಬಿಟ್ಟಳು" ಎಂಬ ಮಾತು ಸಂಜೆಯೊಳಗೆ ಕೇರಿಯೆಲ್ಲ ಸುತ್ತಿ ಬರುತ್ತದೆ. ಇದಕ್ಕೆ ಅನುಭವಸ್ಥ ಸೆಕ್ರೆಟರಿಗಳು ಕಂಡುಕೊಂಡ ಉಪಾಯ ಒಂದಿದೆ. ಯಾರೂ ಕೇಳುವ ಮೊದಲೇ ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿ, ಪಶು ಆಹಾರದ ಉದ್ದರಿ ಎಷ್ಟು ಚೀಲದವರೆಗೆ, ಎಷ್ಟು ದಿನಕ್ಕೆ, ಮುಂಗಡ ಉಂಟೋ ಇಲ್ಲವೋ ಎಂದು ಬರೆದು ಗೋಡೆಗೆ ಅಂಟಿಸಿಬಿಡುವುದು. ಆಗ 'ಇಲ್ಲ' ಎನ್ನುವುದು ಅವಳ ಮಾತಾಗುವುದಿಲ್ಲ, ಸಂಘದ ಮಾತಾಗುತ್ತದೆ. ಹೇಳುವಾಗ ಕಣ್ಣು ತಪ್ಪಿಸದೆ, ದನಿ ಏರಿಸದೆ ಹೇಳುವುದಕ್ಕೆ ಮಾತ್ರ ಅಭ್ಯಾಸ ಬೇಕು. ನಗಬೇಡಿ, ಇದನ್ನು ನಿಜವಾಗಿಯೂ ಇಬ್ಬರು ಎದುರುಬದುರು ಕೂತು ಆಡಿ ಅಭ್ಯಾಸ ಮಾಡಬಹುದು. ಒಬ್ಬಳು ಚಿಕ್ಕತ್ತೆಯಾಗಬೇಕು, ಇನ್ನೊಬ್ಬಳು ಸೆಕ್ರೆಟರಿಯಾಗಬೇಕು.

ಅಧ್ಯಕ್ಷರು ಮತ್ತು ನಿರ್ದೇಶಕರ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ಖಾರವಾಗಬಹುದು. ತೀರ್ಮಾನ ಆಡಳಿತ ಮಂಡಳಿಯದು, ಅದನ್ನು ಜಾರಿಗೆ ತರುವುದು ಮುಖ್ಯ ಕಾರ್ಯನಿರ್ವಾಹಕಿಯದು. ಬರವಣಿಗೆಯಲ್ಲಿ ಇದು ಸ್ಪಷ್ಟವಾಗಿದೆ. ನಡೆಯುವುದು ಮಾತ್ರ ಬೇರೆ. ಕೆಲವು ಕಡೆ ಸಭೆಗೆ ಅಧ್ಯಕ್ಷೆಯ ಬದಲು ಅವರ ಯಜಮಾನರು ಬಂದು ಕೂರುತ್ತಾರೆ, ನಡವಳಿ ಪುಸ್ತಕ ಆಮೇಲೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಲೆಕ್ಕದ ಕಣ್ಣಿಗೆ ಸಹಿ ಇದೆ, ಕೋರಂ ಇದೆ, ದಿನಾಂಕ ಇದೆ, ಎಲ್ಲ ಸರಿ ಇದೆ. ಮುಖ್ಯಸ್ಥೆಯ ಕಣ್ಣಿಗೆ ಅದು ಸರಿ ಇರಬಾರದು. ಮಹಿಳಾ ಸಂಘ ಎಂದು ಹೆಸರಿಟ್ಟುಕೊಂಡು ಗಂಡಸರ ಕೈಯಲ್ಲಿ ಚೆಕ್ ಪುಸ್ತಕ ಕೊಡುವುದಾದರೆ ಬೋರ್ಡು ಬದಲಾಯಿಸುವುದೇ ಒಳ್ಳೆಯದು. ಆದರೆ ಇಪ್ಪತ್ತೇಳು ವರ್ಷದ ಒಬ್ಬ ಸೊಸೆ ಊರಿನ ಹಿರಿಯರೊಬ್ಬರಿಗೆ "ಅಣ್ಣಾ, ಇದು ನಿರ್ದೇಶಕಿಯರ ಸಭೆ, ನೀವು ಹೊರಗೆ ಕೂತರೆ ಒಳ್ಳೆಯದು" ಎಂದು ಹೇಳುವುದು ಎಷ್ಟು ಕಷ್ಟ ಎಂದು ಯೋಚಿಸಿ. ಆ ಮಾತನ್ನು ಈಗಾಗಲೇ ಒಮ್ಮೆ ಹೇಳಿ ಬದುಕಿದ ಇನ್ನೊಬ್ಬಾಕೆ ಅವಳ ಹಿಂದೆ ಇರಬೇಕು.

ಅದೇ ಸಭೆಯಲ್ಲಿ ಓದುವ ಲೆಕ್ಕವೂ ಹಾಗೆಯೇ. ವಾರ್ಷಿಕ ಮಹಾಸಭೆಯಲ್ಲಿ ಆಸ್ತಿ-ಜವಾಬ್ದಾರಿ ಪಟ್ಟಿಯನ್ನು ಒಂದೇ ಉಸಿರಿಗೆ ಓದಿ "ಒಪ್ಪಿಗೆಯೇ?" ಎಂದರೆ ನೀವೆಲ್ಲ ಕೈ ಎತ್ತುತ್ತೀರಿ, ಊಟಕ್ಕೆ ತಡವಾಗುತ್ತದಲ್ಲ. ಲೆಕ್ಕ ಬಲ್ಲವಳೊಬ್ಬಳು ಮನಸ್ಸು ಮಾಡಿದರೆ ಅದನ್ನು ಹಾಲಿನ ಭಾಷೆಯಲ್ಲೇ ಹೇಳಬಹುದು. ಸುಮ್ಮನೆ ಉದಾಹರಣೆಗೆ ಹೇಳುತ್ತೇನೆ. ಒಂದು ಲೀಟರಿಗೆ ಸಂಘಕ್ಕೆ ಒಂದು ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. ದಿನಕ್ಕೆ 400 ಲೀಟರ್ ಬಂದರೆ ತಿಂಗಳಿಗೆ 12,000 ರೂಪಾಯಿ. ಅದರಲ್ಲಿ ಸಂಬಳ ಇಷ್ಟು, ಕರೆಂಟ್ ಇಷ್ಟು, ಪರೀಕ್ಷೆಯ ಸಾಮಾನು ಇಷ್ಟು, ರಿಪೇರಿ ಇಷ್ಟು. ವರ್ಷದ ಕೊನೆಗೆ ಉಳಿದದ್ದರಲ್ಲಿ ಕಾನೂನಿನಂತೆ ಒಂದು ಭಾಗ ಆಪದ್ಧನ ನಿಧಿಗೆ, ಆಮೇಲೆ ನಿಮ್ಮ ಬೋನಸ್. ಹೀಗೆ ಬಿಡಿಸಿ ಹೇಳಿ, "ಹಾಲು ಪರೀಕ್ಷಕಿಯ ಸಂಬಳ ಐನೂರು ಹೆಚ್ಚಿಸೋಣವೋ, ಆ ದುಡ್ಡಿಗೆ ಮೇವು ಕತ್ತರಿಸುವ ಯಂತ್ರ ತರೋಣವೋ?" ಎಂದು ಕೇಳಿದರೆ ಮಹಾಸಭೆಯಲ್ಲಿ ಯಾರೂ ಆಕಳಿಸುವುದಿಲ್ಲ. ಇಷ್ಟು ಮಾಡಲು ಲೆಕ್ಕ ಚೆನ್ನಾಗಿ ಬರಬೇಕು, ನಿಜ. ಜನರೆದುರು ನಿಂತು ಮಾತನಾಡುವ ಧೈರ್ಯವೂ ಬೇಕು.

ಇದೆಲ್ಲ ಹೊಸ ಮಾತೇನಲ್ಲ. ಸಹಕಾರ ಹೈನುಗಾರಿಕೆ ಬೆಳೆದದ್ದೇ ಹೀಗೆ. 1949ರಲ್ಲಿ ಗುಜರಾತಿನ ಆಣಂದಕ್ಕೆ ಬಂದ ವರ್ಗೀಸ್ ಕುರಿಯನ್ ಎಂಜಿನಿಯರ್, ಸರ್ಕಾರಿ ಹಾಲಿನ ಘಟಕದ ನೌಕರಿಗೆ ಬಂದವರು. ಯಾವಾಗ ಊರು ಬಿಟ್ಟೇನು ಎಂದು ಕಾಯುತ್ತಿದ್ದವರನ್ನು ಖೇಡಾ ಜಿಲ್ಲಾ ಹಾಲು ಉತ್ಪಾದಕರ ಒಕ್ಕೂಟದ ಅಧ್ಯಕ್ಷ ತ್ರಿಭುವನದಾಸ್ ಪಟೇಲರು ಉಳಿಸಿಕೊಂಡರು. ಯಂತ್ರ ಬಲ್ಲವರಿಗೆ ಊರುಗಳನ್ನು, ರೈತರನ್ನು ಪರಿಚಯ ಮಾಡಿಸಿದ್ದು ಪಟೇಲರು. ರೈತರ ವಿಶ್ವಾಸದ ಹೊಣೆ ತಾವು ಹೊತ್ತು, ಆಡಳಿತದ ಹೊಣೆ ಅವರಿಗೆ ಬಿಟ್ಟರು. ಮುಂದೆ ಕುರಿಯನ್ನರೇ 1979ರಲ್ಲಿ ಆಣಂದದಲ್ಲಿ ಗ್ರಾಮೀಣ ಆಡಳಿತ ಕಲಿಸುವ ಸಂಸ್ಥೆ ಕಟ್ಟಿದರು, ರೈತರ ಸಂಸ್ಥೆಗಳಿಗೂ ಒಳ್ಳೆಯ ಮ್ಯಾನೇಜರುಗಳು ಬೇಕು ಎಂದು.

ಹೆಂಗಸರದ್ದೇ ಉದಾಹರಣೆ ಬೇಕೆಂದರೆ ಅದೂ ಇದೆ. ಅಹಮದಾಬಾದಿನಲ್ಲಿ ಇಳಾ ಭಟ್ ಅವರ 'ಸೇವಾ' ಸಂಘಟನೆಯ ನಾಲ್ಕು ಸಾವಿರ ಬಡ ದುಡಿಯುವ ಹೆಂಗಸರು ತಲಾ ಹತ್ತು ರೂಪಾಯಿ ಷೇರು ಹಾಕಿ 1974ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕ್ ಕಟ್ಟಿದರು. ನೋಂದಣಿಗೆ ಸಹಿ ಬೇಕಾಗಿತ್ತು, ಸಹಿ ಬಾರದವರು ರಾತ್ರಿಯೆಲ್ಲ ಕೂತು ತಮ್ಮ ಹೆಸರು ಬರೆಯುವುದನ್ನು ಕಲಿತರು. ಹೇಳಿಕೊಡುವವರು ಪಕ್ಕದಲ್ಲಿದ್ದರು. ನಮ್ಮಲ್ಲಿಯೂ ಕೇಂದ್ರ ಸರ್ಕಾರದ 'ಸ್ಟೆಪ್' ಯೋಜನೆಯಲ್ಲಿ ಎಷ್ಟೋ ಮಹಿಳಾ ಸಂಘಗಳು ಹುಟ್ಟಿದವು. ಆ ಕಾಲದಲ್ಲಿ ಸಂಘಕ್ಕೆ ಬಂದವರಿಗೆ ಏನೂ ಬರುತ್ತಿರಲಿಲ್ಲ, ಆದ್ದರಿಂದ ಕಲಿಸಲು ಎಲ್ಲರೂ ಬರುತ್ತಿದ್ದರು. ಈಗಿನ ಹುಡುಗಿಯರಿಗೆ ಎಲ್ಲ ಬರುತ್ತದೆ ಎಂದುಕೊಂಡು ಒಬ್ಬರೂ ಬರುತ್ತಿಲ್ಲ.

"ಖರ್ಚು ಯಾರು ಕೊಡುತ್ತಾರೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಪಟ್ಟಣದ ಕೋಚ್ ನಮಗೆ ಬೇಕಾಗಿಲ್ಲ, ಅವರ ಒಂದು ಗಂಟೆಯ ದರದಲ್ಲಿ ನಮ್ಮ ಹಾಲು ಪರೀಕ್ಷಕಿಯ ತಿಂಗಳ ಸಂಬಳವೇ ಹೋಗಬಹುದು. ಇಪ್ಪತ್ತು ಇಪ್ಪತ್ತೈದು ವರ್ಷ ಸಂಘ ನಡೆಸಿ ಮನೆಯಲ್ಲಿ ಕೂತಿರುವ ಸೆಕ್ರೆಟರಿ ಅಕ್ಕಂದಿರು ತಾಲ್ಲೂಕಿಗೆ ನಾಲ್ಕೈದು ಜನ ಸಿಕ್ಕೇ ಸಿಗುತ್ತಾರೆ. ಅವರಿಗೆ ಬಸ್ ಚಾರ್ಜು, ದಿನದ ಗೌರವಧನ ಕೊಟ್ಟು ತಿಂಗಳಿಗೆ ಎರಡು ಸಲ, ಆರು ತಿಂಗಳು, ಒಬ್ಬ ಹೊಸ ಮುಖ್ಯಸ್ಥೆಯ ಜೊತೆ ಕೂರಿಸಬೇಕು. ಒಟ್ಟು ಹನ್ನೆರಡು ದಿನ. ಒಂದು ಮಹಾಸಭೆಯ ಶಾಮಿಯಾನ ಮತ್ತು ಊಟಕ್ಕೆ ನಾವು ಮಾಡುವ ಖರ್ಚನ್ನು ನೋಡಿದವರಿಗೆ ಇದು ಭಾರ ಎನಿಸಲಾರದು.

"ಅನುಭವದಿಂದ ತಾನೇ ಕಲಿಯುತ್ತಾರೆ" ಎನ್ನುವವರೂ ಇದ್ದಾರೆ. ಕಲಿಯುತ್ತಾರೆ. ಆದರೆ ಆ ಕಲಿಕೆಯ ಶುಲ್ಕ ಕಟ್ಟುವವರು ನೀವು, ಬಿಟ್ಟುಹೋದ ಸದಸ್ಯೆಯರ ರೂಪದಲ್ಲಿ, ಜಗಳದ ರೂಪದಲ್ಲಿ. ಕೆಲವೊಮ್ಮೆ ಒಳ್ಳೆಯ ಹುಡುಗಿಯೊಬ್ಬಳು ಒಂದು ವರ್ಷಕ್ಕೇ ರಾಜೀನಾಮೆ ಕೊಟ್ಟು ಗಾರ್ಮೆಂಟ್ಸ್‌ಗೆ ಹೋಗುವ ರೂಪದಲ್ಲಿ. ವಿಸ್ತರಣಾಧಿಕಾರಿಗಳು ಇದ್ದಾರಲ್ಲ ಎಂದು ಇನ್ನು ಕೆಲವರು. ಅವರ ಮೇಲೆ ಹತ್ತಾರು ಸಂಘಗಳ ಹೊರೆ ಇದೆ. ಜೊತೆಗೆ ಅವರು ಮೇಲಿಂದ ತಪಾಸಣೆಗೆ ಬರುವವರು. ತಪಾಸಣೆ ಮಾಡುವವರ ಮುಂದೆ ಯಾರೂ ತಮ್ಮ ಅಳುಕು ಬಿಚ್ಚಿಡುವುದಿಲ್ಲ.

ಅಪಾಯಗಳೂ ಇವೆ, ಮುಚ್ಚಿಡುವುದಿಲ್ಲ. ಹಳೆಯ ಸೆಕ್ರೆಟರಿ ತನ್ನದೇ ಸಂಘಕ್ಕೆ ಮಾರ್ಗದರ್ಶಕಿಯಾಗಿ ಬಂದರೆ ಹಿಂದಿನ ಬಾಗಿಲಿನಿಂದ ಅಧಿಕಾರ ನಡೆಸುತ್ತಾಳೆ. ಆದ್ದರಿಂದ ಬೇರೆ ಊರಿನವರೇ ಬರಬೇಕು. ಕೂತು ಮಾತಾಡಿದ್ದನ್ನು ಒಕ್ಕೂಟದ ಅಧಿಕಾರಿಗೋ ಅಧ್ಯಕ್ಷೆಗೋ ಒಯ್ದು ಹೇಳಿದರೆ ಹುಡುಗಿ ಎರಡನೇ ಸಲ ಬಾಯಿ ಬಿಡುವುದಿಲ್ಲ. ಹಣ ದುರುಪಯೋಗದಂಥ ಸಂಗತಿ ಕಂಡರೆ ಅದು ಬೇರೆ, ಅದನ್ನು ಮುಚ್ಚಿಡುವಂತಿಲ್ಲ ಎಂದು ಮೊದಲ ದಿನವೇ ಇಬ್ಬರಿಗೂ ತಿಳಿಸಿರಬೇಕು. ಆರು ತಿಂಗಳಾದ ಮೇಲೆ ನಿಲ್ಲಿಸಲೇಬೇಕು. ಕೈಹಿಡಿದು ನಡೆಸಿದ ಮಗುವನ್ನು ಹತ್ತು ವರ್ಷ ಹಾಗೆಯೇ ಹಿಡಿದುಕೊಂಡಿರುವುದಿಲ್ಲ ತಾನೆ.

ಈ ಮಾತು ಹಳ್ಳಿಯ ಸಂಘಕ್ಕೆ ಮಾತ್ರ ಅನ್ವಯ ಎಂದು ಪಟ್ಟಣದ ಕಚೇರಿಯವರು ತಿಳಿಯಬಾರದು. ಹಾಲು ಒಕ್ಕೂಟ ಯಾವುದೇ ಇರಲಿ, ಲೆಕ್ಕಪತ್ರ ಶಾಖೆಯಿಂದ ಬಡ್ತಿ ಪಡೆದು ವ್ಯವಸ್ಥಾಪಕರ ಕುರ್ಚಿಗೆ ಬರುವವರಿಗೂ ಇದೇ ಕಾಯಿಲೆ ಬರುತ್ತದೆ. ಹಾಲು ಅವರಿಗೆ ಒಂದು ಕಾಲಂ. ಅಂಥವರನ್ನು ಕುರ್ಚಿಗೆ ಕೂರಿಸುವ ಮೊದಲು ಹದಿನೈದು ದಿನ ಬೆಳಗ್ಗೆ ಐದೂವರೆಗೆ ಯಾವುದಾದರೂ ಮಹಿಳಾ ಸಂಘದ ಬಾಗಿಲಲ್ಲಿ ನಿಲ್ಲಿಸಬೇಕು. ಮೂರು ಲೀಟರ್ ಹಾಲು ಹಿಡಿದು ಮಳೆಯಲ್ಲಿ ಒಂದು ಮೈಲಿ ನಡೆದು ಬಂದವಳಿಗೆ "ಇವತ್ತು ಹಾಲು ಒಡೆದಿದೆ, ತಗೊಳಲ್ಲ" ಎಂದು ಅವರ ಬಾಯಿಂದಲೇ ಹೇಳಿಸಬೇಕು. ದರ ಪರಿಷ್ಕರಣೆಯ ಕಡತಕ್ಕೆ ಆಮೇಲೆ ಸಹಿ ಹಾಕಲಿ.

ಈಗ ನಿಮ್ಮ ಕೈಯಲ್ಲಿ ಏನಿದೆ ಎಂದರೆ, ಸಾಕಷ್ಟಿದೆ. ಹೊಸ ಮುಖ್ಯಸ್ಥೆ ಬಂದ ಮೊದಲ ಮೂರು ತಿಂಗಳು ದೂರು ಇದ್ದರೆ ಅವಳಿಗೇ ಹೇಳಿ, ಬಾವಿ ಕಟ್ಟೆಯಲ್ಲಿ ಅಲ್ಲ. ಅವಳು ಪುಸ್ತಕವನ್ನು ಸಹಾಯಕಿಗೆ ಬಿಟ್ಟು ನಿಮ್ಮ ಕೊಟ್ಟಿಗೆಗೆ ಬಂದರೆ, "ಕೆಲಸ ಬಿಟ್ಟು ಊರು ಸುತ್ತುತ್ತಾಳೆ" ಎನ್ನಬೇಡಿ, ಅದೇ ಅವಳ ಕೆಲಸ. ನಿಮ್ಮ ಮನೆಯಲ್ಲಿ ಲೆಕ್ಕ ಬಲ್ಲ ಸೊಸೆಯೋ ಮಗಳೋ ಇದ್ದರೆ ಅವಳನ್ನು ಹಾಲು ಹಾಕಲು ಮಾತ್ರ ಕಳಿಸದೆ ಸಭೆಗೂ ಕರೆತನ್ನಿ, ಮುಂದಿನ ಸರದಿ ಅವಳದಿರಬಹುದು.

ಸೆಪ್ಟೆಂಬರಿನ ಮಹಾಸಭೆಗೆ ಇನ್ನೂ ಸಮಯ ಇದೆ. ಅದಕ್ಕೂ ಮೊದಲು ನಿಮ್ಮ ಆಡಳಿತ ಮಂಡಳಿಗೆ ಒಂದು ಅರ್ಜಿ ಕೊಡಿ. ಉದ್ದ ಬೇಡ, ನಾಲ್ಕು ಸಾಲು ಸಾಕು. "ನಮ್ಮ ಸಂಘಕ್ಕೆ ಹೊಸದಾಗಿ ಬರುವ ಮುಖ್ಯ ಕಾರ್ಯನಿರ್ವಾಹಕಿಗೆ ಮೊದಲ ಆರು ತಿಂಗಳು ಅನುಭವಿ ಮಹಿಳಾ ಮಾರ್ಗದರ್ಶಕಿಯೊಬ್ಬರನ್ನು ಒದಗಿಸುವಂತೆ ಒಕ್ಕೂಟವನ್ನು ಕೋರುವ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕು" ಎಂದು ಬರೆಯಿರಿ. ಐದಾರು ಸದಸ್ಯೆಯರು ಸಹಿ ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೊಟ್ಟದ್ದಕ್ಕೆ ಸಂಘದ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.